ಎಲುಬು ಮತ್ತು ತೊಗಲು: ಇಂದಿನ ಕಟ್ಟಡಗಳ ಹೊದಿಕೆಯ ಕುರಿತು ಕೆಲವು ಮಾತುಗಳು

(ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಪಾಠ)



ಈ ಉಪನ್ಯಾಸಮಾಲೆಯಲ್ಲಿ ಇದುವರೆಗೆ ವಚನ ಸಾಹಿತ್ಯ, ಗಡಿಯ ಪ್ರಶ್ನೆ, ನದಿನೀರಿನ ಹಂಚಿಕೆ, ಹೊರನಾಡ ಕನ್ನಡಿಗರ ಶಿಕ್ಷಣ ಮುಂತಾದ ವಿಷಯಗಳನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ಅಂಥ ವೇದಿಕೆಯ ಮೇಲೆ ನಿಂತು ಕಂಬ, ತೊಲೆ, ಗಾಜು, ಅಲ್ಯುಮಿನಿಯಂ ಹಲಗೆಗಳ ವಿಚಾರವನ್ನು ಎತ್ತಿಕೊಂಡರೆ ಕೆಲವರಿಗಾದರೂ ವಿಚಿತ್ರವೆನಿಸಬಹುದು. ಆದರೆ ಈ ವಿಷಯವನ್ನು ಆರಿಸಿಕೊಳ್ಳಲು ನನಗೆ ಕಾರಣವಿದೆ. ನಮ್ಮ ಸಂಘದ ಕಟ್ಟಡದ ನವೀಕರಣದ ಪ್ರಸ್ತಾವವು ಕಾರ್ಯಕಾರಿ ಸಮಿತಿಯ ಮುಂದಿದೆ. ರಸ್ತೆಯ ಕಡೆಯ ಮುಖಕ್ಕೆ ಅಲ್ಯುಮಿನಿಯಂ ಹಲಗೆಗಳನ್ನೂ ಗಾಜನ್ನೂ ಹೊದಿಸಿ, ಕಟ್ಟಡಕ್ಕೆ ‘ಆಧುನಿಕ ರೂಪ’ ಕೊಡಬೇಕೆಂಬುದು ಅದರ ತಾತ್ಪರ್ಯ. ಮುಂದಿನ ಮಹಾಸಭೆಯಲ್ಲಿ ಇದರ ಮೇಲೆ ತೀರ್ಮಾನವಾಗಲಿದೆ. ತೀರ್ಮಾನಕ್ಕೆ ಮೊದಲು ಒಂದಿಷ್ಟು ತಿಳಿವಳಿಕೆ ಎಲ್ಲ ಸದಸ್ಯರ ಕೈಯಲ್ಲಿರಲಿ ಎಂಬುದಷ್ಟೇ ನನ್ನ ಉದ್ದೇಶ.

ನಾನು ಓದಿದ್ದು ಭೂವಿಜ್ಞಾನ. ಧಾರವಾಡದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೇಂದ್ರ ಸರ್ಕಾರದ ಸೇವೆಗೆ ಸೇರಿದ ಮೇಲೆ, ಕಲ್ಲುಗಳನ್ನು ಬೆಟ್ಟದಲ್ಲಿ ನೋಡುವುದಕ್ಕಿಂತ ಹೆಚ್ಚಾಗಿ ಕಡತಗಳಲ್ಲಿ ನೋಡಿದವನು. ಕಟ್ಟಡ ಸಾಮಗ್ರಿಗಳ ಗುಣಮಟ್ಟ, ಟೆಂಡರು, ಪರೀಕ್ಷಾ ವರದಿಗಳು ಇವೇ ನನ್ನ ದಿನನಿತ್ಯದ ಕೆಲಸ. ಆದರೂ ಇಲ್ಲಿ ಹೇಳುವುದೆಲ್ಲ ಸಂಘದ ಒಬ್ಬ ಸದಸ್ಯನಾಗಿ ನನ್ನ ಸ್ವಂತ ಅಭಿಪ್ರಾಯ; ನಾನು ಸೇವೆಯಲ್ಲಿರುವ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ.

ಯಾವುದೇ ಕಟ್ಟಡವನ್ನು ಎರಡು ಭಾಗವಾಗಿ ನೋಡಬಹುದು. ಭಾರವನ್ನು ಹೊತ್ತು ನೆಲಕ್ಕೆ ಇಳಿಸುವುದು ಒಂದು. ಅದು ಕಟ್ಟಡದ ಎಲುಬು. ಬಿಸಿಲು, ಮಳೆ, ಗಾಳಿ, ಕಣ್ಣು ಇವುಗಳಿಗೆ ಎದುರಾಗಿ ನಿಲ್ಲುವುದು ಇನ್ನೊಂದು. ಅದು ಕಟ್ಟಡದ ತೊಗಲು. ಎರಡರ ವ್ಯತ್ಯಾಸವನ್ನು ತಿಳಿಯಲು ದಿಲ್ಲಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಹುಮಾಯೂನನ ಸಮಾಧಿಯನ್ನು ನೀವೆಲ್ಲ ನೋಡಿದ್ದೀರಿ. ಅದರ ಒಡಲು ಕಾಡುಗಲ್ಲು ಮತ್ತು ಸುಣ್ಣದ ಗಾರೆಯದು. ಕೆಂಪು ಮರಳುಗಲ್ಲು, ಬಿಳಿಯ ಅಮೃತಶಿಲೆ ಇವು ಅದಕ್ಕೆ ತೊಡಿಸಿದ ಹೊದಿಕೆ. ಅಲ್ಲಿಂದ ತುಸು ದೂರದಲ್ಲಿ, ನಿಜಾಮುದ್ದೀನಿನಲ್ಲಿ, ಅಬ್ದುರ್ ರಹೀಮ್ ಖಾನ್-ಇ-ಖಾನನ ಸಮಾಧಿಯಿದೆ. ಅದರ ಮೈಮೇಲಿನ ಕಲ್ಲುಗಳನ್ನು ಹದಿನೆಂಟನೆಯ ಶತಮಾನದಲ್ಲಿ ಕಿತ್ತು ಸಫ್ದರ್‌ಜಂಗನ ಸಮಾಧಿಗೆ ಬಳಸಿಕೊಂಡರು. ತೊಗಲು ಸುಲಿದ ಆ ಕಟ್ಟಡ ಬರಿಯ ಕಾಡುಗಲ್ಲಿನ ಒಡಲಾಗಿ ಶತಮಾನಗಳ ಕಾಲ ನಿಂತೇ ಇತ್ತು. 2020ರಲ್ಲಿ ಅದರ ಜೀರ್ಣೋದ್ಧಾರದ ಕೆಲಸ ಮುಗಿಯಿತು. ಹೊದಿಕೆ ಹೋದರೂ ಕಟ್ಟಡ ಉಳಿದೀತು ಎಂಬುದಕ್ಕೆ ಅದು ಸಾಕ್ಷಿ. ಹೊದಿಕೆಯೇ ಮನುಷ್ಯರನ್ನು ಕೊಂದೀತು ಎಂಬುದು ನಮ್ಮ ಕಾಲದ ಅನುಭವ. ಅದಕ್ಕೆ ಮುಂದೆ ಬರುತ್ತೇನೆ.

ಬ್ರಿಟಿಷರು ಹೊಸ ದಿಲ್ಲಿಯನ್ನು ಕಟ್ಟಿದಾಗಲೂ ಇದೇ ಕ್ರಮ ಮುಂದುವರಿಯಿತು. ರಾಷ್ಟ್ರಪತಿ ಭವನಕ್ಕೆ ಬಳಸಿದ್ದು ಸುಮಾರು 70 ಕೋಟಿ ಇಟ್ಟಿಗೆ ಮತ್ತು 30 ಲಕ್ಷ ಘನ ಅಡಿ ಕಲ್ಲು ಎಂಬುದು ಅಧಿಕೃತ ಲೆಕ್ಕ. ನಮ್ಮ ನಾಡಿನಲ್ಲಿ 1951ರಲ್ಲಿ ಅಡಿಗಲ್ಲು ಹಾಕಿ 1956ರಲ್ಲಿ ಮುಗಿಸಿದ ವಿಧಾನಸೌಧದ ಮೈಯಂತೂ ಬೆಂಗಳೂರಿನ ಸುತ್ತಲಿನ ಗ್ರಾನೈಟು. ಕೆಂಗಲ್ ಹನುಮಂತಯ್ಯನವರ ಆ ಹಟದ ಬಗ್ಗೆ ಆಗ ಟೀಕೆಗಳಿದ್ದವು. ಎಪ್ಪತ್ತು ವರ್ಷಗಳ ಮಳೆ ಬಿಸಿಲನ್ನು ತಡೆದುಕೊಂಡು ಆ ಕಲ್ಲು ಟೀಕೆಗೆ ಉತ್ತರ ಹೇಳಿದೆ.

ಈ ಹಳೆಯ ಕಟ್ಟಡಗಳಲ್ಲಿ ಗೋಡೆಯೇ ಭಾರ ಹೊರುತ್ತಿತ್ತು; ಹೊದಿಕೆಯ ಕಲ್ಲು ಗೋಡೆಯ ಮೈಗೇ ಅಂಟಿಕೊಂಡಿರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಬ್ಬಿಣ ಬಂದು ಈ ಸಂಬಂಧವನ್ನು ಬಿಡಿಸಿತು. ಮುಂಬಯಿಯ ಬಂಧುಗಳಿಗೆ ಕಾಲಾಘೋಡಾದ ಬಳಿಯ ವಾಟ್ಸನ್ ಹೋಟೆಲಿನ ಹಳೆಯ ಕಟ್ಟಡ ಗೊತ್ತಿರುತ್ತದೆ. 1860ರ ದಶಕದಲ್ಲಿ ಅದರ ಎರಕದ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದರು. ಕಂಬ ತೊಲೆಗಳೇ ಭಾರ ಹೊರುವುದಾದ ಮೇಲೆ ಗೋಡೆಗೆ ಉಳಿಯುವ ಕೆಲಸ ಪರದೆಯದು ಮಾತ್ರ. 1885ರಲ್ಲಿ ಷಿಕಾಗೊ ನಗರದ ಹೋಮ್ ಇನ್ಶುರೆನ್ಸ್ ಕಟ್ಟಡ, 1952ರಲ್ಲಿ ನ್ಯೂಯಾರ್ಕಿನ ಲೀವರ್ ಹೌಸ್, ಹೀಗೆ ಪಶ್ಚಿಮದಲ್ಲಿ ಈ ವಿಚಾರ ಬೆಳೆಯುತ್ತ ಹೋಗಿ, ಗೋಡೆಯು ಉಕ್ಕಿನ ಚೌಕಟ್ಟಿನಿಂದ ತೂಗುಬಿದ್ದ ಗಾಜಿನ ಪರದೆಯಾಯಿತು. 1950ರ ದಶಕದ ಕೊನೆಗೆ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಪಾಟಾದ ಹಾಳೆಗಳನ್ನು ತೆಗೆಯುವ ವಿಧಾನ ಬಂದ ಮೇಲೆ ಅಂಥ ಗಾಜು ಅಗ್ಗವೂ ಆಯಿತು.

ನಮ್ಮಲ್ಲಿ ಎಲುಬಿನ ಕೆಲಸ ಮಾಡುವುದು ಮುಖ್ಯವಾಗಿ ಸರಳು ಮತ್ತು ಕಾಂಕ್ರೀಟು. ಇವೆರಡರಲ್ಲೂ ಕನ್ನಡ ನಾಡಿನ ಪಾಲಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ ಸುತ್ತಮುತ್ತಲ ಸುಣ್ಣಕಲ್ಲು ಭೂವಿಜ್ಞಾನಿಗಳು ಭೀಮಾ ಸಮುದಾಯವೆಂದು ಕರೆಯುವ ಪದರಗಳಿಗೆ ಸೇರಿದ್ದು. ಅದನ್ನು ಸುಟ್ಟು ಅರೆದರೆ ಸಿಮೆಂಟು. ಪದರಪದರವಾಗಿ ಸೀಳಿದರೆ ನೆಲಹಾಸು. ಪುಣೆ, ಮುಂಬಯಿ, ಹೈದರಾಬಾದುಗಳ ಹಳೆಯ ಮನೆಗಳಲ್ಲಿ, ಚಾಳುಗಳಲ್ಲಿ, ರೈಲು ನಿಲ್ದಾಣಗಳಲ್ಲಿ ‘ಶಹಾಬಾದಿ ಫರಸಿ’ ಎಂದು ಮರಾಠಿಗರೂ ತೆಲುಗರೂ ಕರೆಯುವ ಕಲ್ಲು ಇದೇ. ಹೊರನಾಡಿಗೆ ಬಂದ ಎಷ್ಟೋ ಕನ್ನಡಿಗರು ತಮಗೇ ಗೊತ್ತಿಲ್ಲದೆ ಕನ್ನಡ ನೆಲದ ಮೇಲೆಯೇ ಓಡಾಡಿದ್ದಾರೆ.

ಎಲುಬಿನ ವಿಷಯದಲ್ಲಿ ನಮ್ಮ ದೇಶ ಸಾಕಷ್ಟು ಎಚ್ಚರದಿಂದಿದೆ. ಸರಳಿನ ಮೇಲೆ ಐಎಸ್‌ಐ ಗುರುತು ಇರಬೇಕೆಂಬುದು ಹಳ್ಳಿಯ ಮೇಸ್ತ್ರಿಗೂ ಗೊತ್ತು. ಕಾಂಕ್ರೀಟಿನ ಘನಗಳನ್ನು ಎರಕ ಹೊಯ್ದು ಇಪ್ಪತ್ತೆಂಟನೆಯ ದಿನ ಜಜ್ಜಿ ಪರೀಕ್ಷಿಸುವುದು ಪ್ರತಿಯೊಂದು ದೊಡ್ಡ ಕಾಮಗಾರಿಯಲ್ಲೂ ನಡೆಯುತ್ತದೆ. ಬೆಂಕಿಯ ವಿಷಯದಲ್ಲೂ ಕಾಂಕ್ರೀಟು ನಮ್ಮ ಮಿತ್ರ. ಉಕ್ಕು ಸುಮಾರು 550ರಿಂದ 600 ಡಿಗ್ರಿಯಲ್ಲಿ ತನ್ನ ಶಕ್ತಿಯ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಆದರೆ ಸರಳಿನ ಸುತ್ತಲಿನ ಕಾಂಕ್ರೀಟಿನ ಪದರ ಆ ಶಾಖವನ್ನು ಗಂಟೆಗಟ್ಟಲೆ ತಡೆಹಿಡಿಯುತ್ತದೆ. ತೊಗಲಿನ ವಿಷಯಕ್ಕೆ ಬಂದರೆ ಈ ಎಚ್ಚರ ಮಾಯವಾಗುತ್ತದೆ. ಅದನ್ನು ನಾವು ಸೀರೆಯಂತೆ, ಬಣ್ಣ ನೋಡಿ ಆರಿಸುತ್ತೇವೆ.

ಈಗ ಎಲ್ಲೆಲ್ಲೂ ಕಾಣುವ ಅಲ್ಯುಮಿನಿಯಂ ಸಂಯುಕ್ತ ಹಲಗೆಯನ್ನೇ ತೆಗೆದುಕೊಳ್ಳಿ. ಗುತ್ತಿಗೆದಾರರ ಮಾತಿನಲ್ಲಿ ಇದು ‘ಎಸಿಪಿ ಶೀಟು’. ಬ್ಯಾಂಕು, ಆಸ್ಪತ್ರೆ, ಮದುವೆ ಮಂಟಪ, ಪೆಟ್ರೋಲ್ ಬಂಕು ಎಲ್ಲದರ ಮುಖದ ಮೇಲೂ ಇದೇ ಹೊಳಪು. ಸಾಮಾನ್ಯವಾಗಿ ಇದರ ದಪ್ಪ 4 ಮಿಲಿಮೀಟರು. ಹೊರಗೊಂದು ಒಳಗೊಂದು ಅರ್ಧರ್ಧ ಮಿಲಿಮೀಟರಿನ ಅಲ್ಯುಮಿನಿಯಂ ಹಾಳೆ. ನಡುವೆ 3 ಮಿಲಿಮೀಟರಿನ ತಿರುಳು. ಗುಟ್ಟೆಲ್ಲ ಇರುವುದು ಆ ತಿರುಳಿನಲ್ಲಿ. ಅಗ್ಗದ ಹಲಗೆಯಲ್ಲಿ ಅದು ಶುದ್ಧ ಪಾಲಿಎಥಿಲೀನು, ಎಂದರೆ ನಾವು ತರಕಾರಿ ತರುವ ಚೀಲದ ಪ್ಲಾಸ್ಟಿಕ್ಕು. ಬೆಂಕಿ ತಡೆಯುವ ದರ್ಜೆಯ ಹಲಗೆಯಲ್ಲಿ ಸುಮಾರು ಶೇಕಡಾ 70ರಷ್ಟು ಖನಿಜದ ಪುಡಿ ಬೆರೆತಿರುತ್ತದೆ. ಅದಕ್ಕೂ ಮೇಲಿನ ದರ್ಜೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು. ಮೂರನ್ನೂ ಗೋಡೆಗೆ ಏರಿಸಿದ ಮೇಲೆ ಬರಿಗಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಇದು ಏಕೆ ಇಷ್ಟು ಜನಪ್ರಿಯವಾಯಿತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ನಮ್ಮ ಸಂಘದ ಕಟ್ಟಡದ ಮುಖಭಾಗ 300 ಚದರ ಮೀಟರು ಎಂದು ಇಟ್ಟುಕೊಳ್ಳೋಣ. 20 ಮಿಲಿಮೀಟರು ದಪ್ಪದ ಗ್ರಾನೈಟನ್ನು ಹೊದಿಸಿದರೆ ಚದರ ಮೀಟರಿಗೆ ಸುಮಾರು 54 ಕಿಲೋಗ್ರಾಂ, ಒಟ್ಟು 16 ಟನ್ನು ಭಾರ. ಎಸಿಪಿ ಹೊದಿಸಿದರೆ ಚದರ ಮೀಟರಿಗೆ ಐದೂವರೆ ಕಿಲೋಗ್ರಾಂ, ಒಟ್ಟು ಒಂದು ಟನ್ನು ಆರುನೂರೈವತ್ತು ಕಿಲೋಗ್ರಾಂ. ಹಳೆಯ ಕಟ್ಟಡಕ್ಕೆ ಹತ್ತರಲ್ಲೊಂದು ಭಾರ. ಕೆಲವೇ ವಾರಗಳಲ್ಲಿ ಕೆಲಸ ಮುಗಿಯುತ್ತದೆ. ಬಣ್ಣ ಬಳಿಯುವ ತಾಪತ್ರಯವಿಲ್ಲ. ಯಾವ ಸಮಿತಿಗೆ ತಾನೆ ಇದು ಇಷ್ಟವಾಗುವುದಿಲ್ಲ?

ಆದರೆ ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿ. ತಿರುಳು ಪಾಲಿಎಥಿಲೀನಾದರೆ, 300 ಚದರ ಮೀಟರಿನಲ್ಲಿ ಅದರ ತೂಕ ಸುಮಾರು 830 ಕಿಲೋಗ್ರಾಂ ಆಗುತ್ತದೆ. ಒಂದು ಕಿಲೋಗ್ರಾಂ ಪಾಲಿಎಥಿಲೀನು ಉರಿದಾಗ ಹೊರಡುವ ಶಾಖ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಪೆಟ್ರೋಲಿನಷ್ಟೇ. ಹಾಗಾದರೆ ಸಾವಿರ ಲೀಟರಿಗೂ ಹೆಚ್ಚು ಪೆಟ್ರೋಲಿನ ಶಾಖವನ್ನು ನಮ್ಮ ಸಂಘದ ಮುಖಕ್ಕೆ ತೂಗುಹಾಕಿದಂತಾಯಿತು. ಅದನ್ನು ಮುಚ್ಚಿರುವುದು ಅರ್ಧ ಮಿಲಿಮೀಟರಿನ ಅಲ್ಯುಮಿನಿಯಂ. ಅದು ಕರಗುವುದು 660 ಡಿಗ್ರಿಯಲ್ಲಿ. ಒಳಗಿನ ಪಾಲಿಎಥಿಲೀನು ಮೆತ್ತಗಾಗಿ ಹರಿಯಲು 130 ಡಿಗ್ರಿ ಸಾಕು.

ಇದು ಬರಿಯ ಕಾಗದದ ಲೆಕ್ಕವಲ್ಲ ಎಂಬುದು 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಜಗತ್ತಿಗೆ ತಿಳಿಯಿತು. 1974ರಲ್ಲಿ ಮುಗಿದಿದ್ದ, 24 ಅಂತಸ್ತುಗಳ, ಒಂದೇ ಮೆಟ್ಟಿಲುಸಾಲಿನ ಕಾಂಕ್ರೀಟು ಕಟ್ಟಡ ಅದು. ಸ್ಥಳೀಯ ಆಡಳಿತಕ್ಕೆ ಸೇರಿದ ಬಾಡಿಗೆ ಮನೆಗಳು. ಅಲ್ಲಿ ವಾಸವಾಗಿದ್ದವರಲ್ಲಿ ಅನೇಕರು ಹೊರದೇಶಗಳಿಂದ ವಲಸೆ ಬಂದವರು, ಶ್ರಮಜೀವಿಗಳು. 2016ರಲ್ಲಿ ಮುಗಿದ ನವೀಕರಣದಲ್ಲಿ ಅದಕ್ಕೆ ಹೊಸ ಹೊದಿಕೆ ಬಂತು. ಚಳಿ ತಡೆಯುವುದು ಒಂದು ಉದ್ದೇಶ. ಸುತ್ತಲಿನ ಶ್ರೀಮಂತ ಬಡಾವಣೆಗಳಿಂದ ನೋಡಿದಾಗ ಕಟ್ಟಡ ಚೆನ್ನಾಗಿ ಕಾಣಬೇಕೆಂಬುದು ಇನ್ನೊಂದು. ಮೊದಲು ಯೋಚಿಸಿದ್ದು ಸತುವಿನ ಹೊದಿಕೆ. ಖರ್ಚಿನಲ್ಲಿ ಸುಮಾರು ಮೂರು ಲಕ್ಷ ಪೌಂಡು ಉಳಿಯುತ್ತದೆಂದು ಅದರ ಬದಲು ಪಾಲಿಎಥಿಲೀನ್ ತಿರುಳಿನ ಅಲ್ಯುಮಿನಿಯಂ ಹಲಗೆಯನ್ನು ಹಾಕಿದರು.

ನಾಲ್ಕನೆಯ ಅಂತಸ್ತಿನ ಒಂದು ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಬೆಂಕಿ ಹತ್ತಿತು. ಅಂಥ ಬೆಂಕಿ ಒಂದು ಮನೆಯೊಳಗೇ ಆರಿಹೋಗಬೇಕಾದದ್ದು. ಅದು ಕಿಟಕಿಯ ಚೌಕಟ್ಟಿನ ಮೂಲಕ ಹೊರಗಿನ ಹೊದಿಕೆಗೆ ತಗುಲಿತು. ಆಮೇಲೆ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಮೇಲ್ತುದಿಗೆ ಏರಿತು. ಹಲಗೆಗೂ ಗೋಡೆಗೂ ನಡುವೆ ಬಿಟ್ಟಿದ್ದ ಸಂದು ಇಲ್ಲಿ ಹೊಗೆಗೂಡಿನ ಕೆಲಸ ಮಾಡಿತು. ತೆರೆದ ಗೋಡೆಯ ಮೇಲೆ ಗಾಳಿಯಲ್ಲಿ ಹರಡಿಹೋಗುವ ಜ್ವಾಲೆ, ಇಕ್ಕಟ್ಟಾದ ಸಂದಿನೊಳಗೆ ಸಿಕ್ಕಿದರೆ ಐದರಿಂದ ಹತ್ತು ಪಟ್ಟು ಉದ್ದವಾಗಿ ಚಾಚುತ್ತದೆ ಎಂಬುದು ಈ ಶಾಸ್ತ್ರದವರು ಬಲ್ಲ ಸಂಗತಿ. ‘ನಿಮ್ಮ ನಿಮ್ಮ ಮನೆಯಲ್ಲೇ ಇರಿ’ ಎಂಬುದು ನಿವಾಸಿಗಳಿಗೆ ಕೊಟ್ಟಿದ್ದ ಸಲಹೆ. ಬೆಂಕಿ ಹೊರಗೆ ಹರಡುವುದಿಲ್ಲವೆಂಬ ನಂಬಿಕೆಯ ಮೇಲೆ ನಿಂತ ಸಲಹೆ ಅದು. ಬೆಳಗಿನ ಜಾವ ಎರಡೂವರೆ ಗಂಟೆ ದಾಟಿದ ಮೇಲಷ್ಟೇ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಒಂದೇ ಮೆಟ್ಟಿಲುಸಾಲು ಹೊಗೆಯಿಂದ ತುಂಬಿತ್ತು. 72 ಮಂದಿ ತೀರಿಕೊಂಡರು.

ಗಮನಿಸಿ, ಆ ಕಟ್ಟಡ ಕುಸಿಯಲಿಲ್ಲ. ಕಾಂಕ್ರೀಟಿನ ಎಲುಬು ನಿಂತೇ ಇತ್ತು. ಅದನ್ನು ಜೋಪಾನವಾಗಿ ಕೆಳಗಿಳಿಸುವ ನಿರ್ಧಾರವನ್ನು ಅಲ್ಲಿನ ಸರ್ಕಾರ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ನ್ಯಾಯಮೂರ್ತಿ ಮಾರ್ಟಿನ್ ಮೂರ್-ಬಿಕ್ ಅವರ ವಿಚಾರಣಾ ಆಯೋಗದ ಅಂತಿಮ ವರದಿ 2024ರ ಸೆಪ್ಟೆಂಬರಿನಲ್ಲಿ ಹೊರಬಂತು. ಸಾಮಗ್ರಿ ತಯಾರಕರ ವ್ಯವಸ್ಥಿತ ಅಪ್ರಾಮಾಣಿಕತೆ, ಪ್ರಮಾಣಪತ್ರ ಕೊಡುವವರ ಉದಾಸೀನ, ದಶಕಗಳ ಕಾಲ ಎಚ್ಚರಿಕೆಗಳನ್ನು ಬದಿಗೊತ್ತಿದ ಸರ್ಕಾರ, ಹೊಣೆಯನ್ನು ಒಬ್ಬರ ಮೇಲೊಬ್ಬರು ಹಾಕಿದ ವಿನ್ಯಾಸಕಾರರು ಮತ್ತು ಗುತ್ತಿಗೆದಾರರು, ಎಲ್ಲರನ್ನೂ ಅದು ಹೆಸರಿಸಿತು. ಅಲ್ಲಿನ ನಿವಾಸಿಗಳ ಒಂದು ಗುಂಪು ಕಟ್ಟಡದ ಸುರಕ್ಷತೆಯ ಬಗ್ಗೆ 2016ರಲ್ಲೇ ಬರೆದು ಎಚ್ಚರಿಸಿತ್ತು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ. 18 ಮೀಟರಿಗೂ ಎತ್ತರದ ಹೊಸ ವಸತಿ ಕಟ್ಟಡಗಳ ಹೊರಗೋಡೆಗೆ ಉರಿಯುವ ಸಾಮಗ್ರಿ ಬಳಸಬಾರದೆಂಬ ನಿಷೇಧ ಇಂಗ್ಲೆಂಡಿನಲ್ಲಿ 2018ರ ಡಿಸೆಂಬರಿನಲ್ಲಿ ಬಂತು. ಸತ್ತವರಿಗೆ ಅದರಿಂದ ಆದ ಪ್ರಯೋಜನವೇನು?

ಇದು ಲಂಡನ್ನಿನ ಕಥೆ, ನಮಗೇಕೆ ಎಂದು ಕೇಳಬಹುದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸಿನಲ್ಲಿ ಒಂಬತ್ತು ಜನ ಸತ್ತದ್ದನ್ನು ನೆನೆಯಿರಿ. ಅಲ್ಲಿ ವಿದ್ಯುತ್ ತಂತಿಗಳ ಕೊಳವೆಯಲ್ಲಿ ಹುಟ್ಟಿದ ಹೊಗೆ ಮೇಲಕ್ಕೆ ಹರಡಿತು, ಬಾಗಿಲುಗಳಿಗೆ ಬೀಗವಿತ್ತು, ಗಾಜಿನಿಂದ ಮುಚ್ಚಿದ ಗೋಡೆಯಲ್ಲಿ ಉಸಿರಾಡಲು ತೆರವಿರಲಿಲ್ಲ. ಜನ ಗಾಜು ಒಡೆದು ಕೆಳಗೆ ಹಾರಿದರು. ನಮ್ಮ ದಿಲ್ಲಿಯಲ್ಲಿ, 2022ರ ಮೇ 13ರಂದು, ಮುಂಡಕಾ ಮೆಟ್ರೋ ನಿಲ್ದಾಣದ ಬಳಿಯ ವಾಣಿಜ್ಯ ಕಟ್ಟಡದಲ್ಲಿ 27 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಅಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು. ಅಲ್ಲಿಯೂ ಒಂದೇ ಮೆಟ್ಟಿಲು, ಮುಂಭಾಗಕ್ಕೆ ಗಾಜು. ಅಲ್ಲಿಯೂ ಗಾಜು ಒಡೆದೇ ಜನ ಹೊರಬಂದರು. ಈ ಎರಡೂ ಕಡೆ ಉರಿದದ್ದು ಹೊದಿಕೆಯೇ ಎಂದು ನಾನು ಹೇಳುತ್ತಿಲ್ಲ. ಹೊದಿಕೆಯು ಕಿಟಕಿಯನ್ನು ಕಿತ್ತುಕೊಂಡಿತ್ತು ಎಂದು ಹೇಳುತ್ತಿದ್ದೇನೆ. ಉರಿಯದ ಗಾಜೂ ಈ ರೀತಿಯಲ್ಲಿ ಕೊಲ್ಲಬಲ್ಲದು.

ಹಾಗಾದರೆ ನಿಯಮಗಳಿಲ್ಲವೆ? ಇವೆ. 1970ರಲ್ಲಿ ಮೊದಲು ಬಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯ ನಾಲ್ಕನೆಯ ಭಾಗ ಅಗ್ನಿಸುರಕ್ಷೆಯನ್ನು ಕುರಿತದ್ದು. ಗಾಜಿನ ಮುಖವಿರುವ ಕಟ್ಟಡದಲ್ಲಿ ಪ್ರತಿ ಅಂತಸ್ತಿನಲ್ಲೂ ಹತ್ತು ಮೀಟರಿಗೆ ಒಂದರಂತೆ, ಒಂದು ಮೀಟರು ಅಗಲ ಒಂದು ಮೀಟರು ಎತ್ತರಕ್ಕೆ ಕಡಿಮೆಯಿಲ್ಲದ, ಹೊರಕ್ಕೆ ತೆರೆಯುವ ಹಲಗೆಗಳಿರಬೇಕು, ಅವುಗಳ ಒಳಮೈಯಲ್ಲಿ ಸೂಚನೆ ಬರೆದಿರಬೇಕು ಎಂದು ಅದು ಹೇಳುತ್ತದೆ. ಪ್ರತಿ ಅಂತಸ್ತಿನ ತಾರಸಿಯ ಅಂಚಿಗೂ ಗಾಜಿನ ಪರದೆಗೂ ನಡುವಿನ ಸಂದನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಬೇಕೆಂದೂ ಹೇಳುತ್ತದೆ. ಆದರೆ ಈ ಸಂಹಿತೆ ತಾನಾಗಿಯೇ ಕಾನೂನಲ್ಲ. ರಾಜ್ಯಗಳೂ ನಗರಸಭೆಗಳೂ ತಮ್ಮ ಉಪವಿಧಿಗಳಲ್ಲಿ ಸೇರಿಸಿಕೊಂಡಾಗ ಮಾತ್ರ ಅದಕ್ಕೆ ಬಲ ಬರುತ್ತದೆ. ಅದೂ ಅಲ್ಲದೆ, 15 ಮೀಟರು ಎತ್ತರಕ್ಕೆ ಮೇಲ್ಪಟ್ಟ ಕಟ್ಟಡಗಳ ಮೇಲೆಯೇ ಅಧಿಕಾರಿಗಳ ಕಣ್ಣು ಹೆಚ್ಚು. ಮೂರು ಅಂತಸ್ತಿನ ನಮ್ಮ ಸಂಘದಂಥ ಕಟ್ಟಡಗಳ ಹೊಣೆ ಬಹುಮಟ್ಟಿಗೆ ಅವುಗಳ ಒಡೆಯರ ವಿವೇಕಕ್ಕೇ ಬಿಟ್ಟದ್ದು.

ನಿಯಮಕ್ಕೂ ನಿಜಕ್ಕೂ ನಡುವೆ ಇನ್ನೊಂದು ಸಂದು ಇದೆ, ಅದು ಟೆಂಡರಿನದು. ಯಾವ ಕಂಪನಿಗೂ ಪಕ್ಷಪಾತವಾಗಬಾರದೆಂದು ಟೆಂಡರುಗಳಲ್ಲಿ ‘ಅಥವಾ ಸಮಾನ ದರ್ಜೆಯ’ ಎಂಬ ಮಾತನ್ನು ಸೇರಿಸುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ಕಡಿಮೆ ದರದವನಿಗೇ ಕೆಲಸ ಎಂಬ ಪದ್ಧತಿಯೊಂದಿಗೆ ಸೇರಿದಾಗ ಈ ಮೂರು ಪದಗಳ ಮೂಲಕ ಏನು ಬೇಕಾದರೂ ಒಳನುಸುಳುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಒಂದು ಕಾಮಗಾರಿಯನ್ನು ಪರಿಶೀಲಿಸಲು ಹೋಗಿದ್ದೆ. ಊರಿನ ಹೆಸರಾಗಲಿ ಗುತ್ತಿಗೆದಾರರ ಹೆಸರಾಗಲಿ ಇಲ್ಲಿ ಬೇಡ. ಕಡತದಲ್ಲಿ ಬೆಂಕಿ ತಡೆಯುವ ದರ್ಜೆಯ ಹಲಗೆಯ ಪ್ರಮಾಣಪತ್ರವಿತ್ತು; ಮೊಹರು, ಸಹಿ ಎಲ್ಲ ಸರಿಯಾಗಿಯೇ ಇದ್ದವು. ಅಂಗಳದಲ್ಲಿ ಬಿದ್ದಿದ್ದ ಕತ್ತರಿಸಿದ ಚೂರೊಂದನ್ನು ಎತ್ತಿ, ಅದರ ಅಂಚಿಗೆ ಬೆಂಕಿಕಡ್ಡಿ ಹಿಡಿಯಲು ಅಲ್ಲಿದ್ದ ಕಿರಿಯ ಎಂಜಿನಿಯರಿಗೆ ಹೇಳಿದೆ. ತಿರುಳು ಕರಗಿ, ಉರಿಯುವ ಹನಿಗಳಾಗಿ ಮಣ್ಣಿನ ಮೇಲೆ ತೊಟ್ಟಿಕ್ಕಿತು. ಗುತ್ತಿಗೆದಾರರ ಕಡೆಯವರು ಗಾಬರಿಯಾಗಲಿಲ್ಲ. “ಸಾರ್, ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಲ್ಲವೆ?” ಎಂದರು. ಆ ಹಲಗೆಗಳು ವಾಪಸು ಹೋದವು. ಬೆಂಕಿಕಡ್ಡಿಯ ಪರೀಕ್ಷೆ ಪ್ರಯೋಗಾಲಯದ ಪರೀಕ್ಷೆಗೆ ಸಾಟಿಯಲ್ಲ, ನಿಜ. ಆದರೆ ಪ್ರಮಾಣಪತ್ರ ಒಂದು ದಾರಿಯಲ್ಲಿ, ಸಾಮಾನು ಇನ್ನೊಂದು ದಾರಿಯಲ್ಲಿ ಬರುತ್ತವೆಂಬುದನ್ನು ಅದು ಒಂದು ನಿಮಿಷದಲ್ಲಿ ತೋರಿಸಿಕೊಟ್ಟಿತು.

ಹೀಗೆಂದು ಕಲ್ಲನ್ನು ನಾನು ಹಾಡಿ ಹೊಗಳುತ್ತಿದ್ದೇನೆಂದು ಭಾವಿಸಬೇಡಿ. ಭೂವಿಜ್ಞಾನ ಓದಿದವನಿಗೆ ಕಲ್ಲಿನ ಮೇಲೆ ಪ್ರೀತಿ ಸಹಜ. ಕಲ್ಲಿಗೂ ಅದರದೇ ಪಾಪವಿದೆ. ದಿಲ್ಲಿಯ ಕಟ್ಟಡಗಳಿಗೆ ಮರಳುಗಲ್ಲು ಬರುವುದು ಧೋಲ್‌ಪುರ, ಕರೌಲಿಗಳಿಂದ. ಆ ಗಣಿಗಳಲ್ಲಿ ಕಲ್ಲು ಕೊರೆಯುವವರ ಶ್ವಾಸಕೋಶದಲ್ಲಿ ಸಿಲಿಕಾ ಧೂಳು ಕೂತು, ನಡುವಯಸ್ಸಿನಲ್ಲೇ ಅವರನ್ನು ಕೊಲ್ಲುತ್ತದೆ. ಈ ರೋಗಕ್ಕಾಗಿಯೇ ರಾಜಸ್ಥಾನ ಸರ್ಕಾರ 2019ರಲ್ಲಿ ಒಂದು ನೀತಿಯನ್ನು ಪ್ರಕಟಿಸಬೇಕಾಯಿತು. ಸರಿಯಾಗಿ ಕೊಕ್ಕೆ ಹಾಕದೆ ಬರಿಯ ಸಿಮೆಂಟಿನಿಂದ ಅಂಟಿಸಿದ ಚಪ್ಪಡಿ ವರ್ಷಗಳ ಮೇಲೆ ಕಳಚಿ ದಾರಿಹೋಕರ ತಲೆಯ ಮೇಲೆ ಬೀಳುವುದೂ ಉಂಟು. ಸಾರ್ವೆಯ ಮೇಲೆ ನಿಂತು ಈ ಹೊದಿಕೆಗಳನ್ನು ಏರಿಸುವವರು ಯಾರು? ಬೆಂಗಳೂರು, ಮುಂಬಯಿ, ಪುಣೆಗಳಲ್ಲಿ ನೋಡಿದರೆ ಯಾದಗಿರಿ, ರಾಯಚೂರು, ಕಲಬುರಗಿಯ ನಮ್ಮವರೇ ಅನೇಕರು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಒಂದು ಕಾಯ್ದೆ ಬಂತು. ಕಟ್ಟಡದ ವೆಚ್ಚದ ಮೇಲೆ ಸೆಸ್ಸು ಸಂಗ್ರಹಿಸುವ ಏರ್ಪಾಡೂ ಆಯಿತು. ಹಣ ಸೇರುವುದಕ್ಕೂ ಕಾರ್ಮಿಕನ ಕೈಗೆ ತಲುಪುವುದಕ್ಕೂ ಇರುವ ಅಂತರ ನಿಮಗೆ ನಾನು ಹೇಳಬೇಕಾಗಿಲ್ಲ.

ಹೊದಿಕೆಯ ಮೋಹದ ಹಿಂದೆ ಒಂದು ಸಾಂಸ್ಕೃತಿಕ ಪ್ರಶ್ನೆಯೂ ಇದೆಯೆಂದು ನನಗನಿಸುತ್ತದೆ. ಬೆಂಗಳೂರಿನಂಥ, ಕಿಟಕಿ ತೆರೆದರೆ ಸಾಕಾಗುವ ಹವೆಯ ಊರಿನಲ್ಲೂ ಗಾಜಿನ ಪೆಟ್ಟಿಗೆಗಳನ್ನು ಕಟ್ಟಿ, ಅವುಗಳೊಳಗಿನ ಸೆಕೆ ಕಳೆಯಲು ದಿನವಿಡೀ ಯಂತ್ರ ಓಡಿಸುತ್ತೇವೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ದಿಲ್ಲಿಯಲ್ಲಿ ಇದು ಇನ್ನೂ ಅವಿವೇಕ. ಇಂಧನ ಉಳಿತಾಯದ ಸಂಹಿತೆಯು 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದಾಗ, ಗೋಡೆಯ ವಿಸ್ತೀರ್ಣದಲ್ಲಿ ಗಾಜಿನ ಪಾಲು ಸಾಮಾನ್ಯವಾಗಿ ಶೇಕಡಾ 40ನ್ನು ಮೀರಬಾರದೆಂದು ಸೂಚಿಸಿತು. ಆದರೆ ಗಾಜು ಎಂದರೆ ಪ್ರಗತಿ ಎಂಬ ಭಾವನೆ ಮನಸ್ಸಿನಲ್ಲಿ ನೆಲೆಯೂರಿದ ಮೇಲೆ ಸಂಹಿತೆಯನ್ನು ಓದುವವರು ಯಾರು? ಹಾಗೆ ಮಾಡದೆಯೂ ಆಧುನಿಕವಾಗಬಹುದೆಂದು ತೋರಿಸಿದವರು ಇದೇ ಊರಿನಲ್ಲಿದ್ದರು. ಲೋದಿ ರಸ್ತೆಯಲ್ಲಿ ಜೋಸೆಫ್ ಅಲೆನ್ ಸ್ಟೈನ್ ಅವರು ವಿನ್ಯಾಸಗೊಳಿಸಿದ ಇಂಡಿಯಾ ಹ್ಯಾಬಿಟಾಟ್ ಸೆಂಟರಿನ ಇಟ್ಟಿಗೆಯ ಮೈಯನ್ನೂ ನೆರಳಿನ ಅಂಗಳಗಳನ್ನೂ ಒಮ್ಮೆ ನಿಂತು ನೋಡಿ. ಅದನ್ನು ಹಳೆಯದೆಂದು ಯಾರೂ ಹೀಗಳೆಯುವುದಿಲ್ಲ.

ಹೊರನಾಡಿನ ಸಂಘಗಳಿಗೆ ತಮ್ಮ ಕಟ್ಟಡ ಇತರ ಭಾಷಿಕರ ಭವನಗಳಿಗಿಂತ ಕಳೆಗುಂದಿ ಕಾಣಬಾರದೆಂಬ ಆಸೆ ಇರುವುದು ಸಹಜ. ನನಗೂ ಇದೆ. ಆದರೆ ನಮ್ಮ ಸಂಘದ ಕಟ್ಟಡವನ್ನು ಒಳಗಿನಿಂದಲೂ ಒಮ್ಮೆ ನೋಡೋಣ. ಎರಡನೆಯ ಮಹಡಿಯಲ್ಲಿ ಗ್ರಂಥಾಲಯವಿದೆ. ಅದರ ತುಂಬ ಕಾಗದ. ಅದರ ಪಕ್ಕದ ಕೋಣೆಯಲ್ಲಿ ಭಾನುವಾರದ ಕನ್ನಡ ತರಗತಿ. ಅಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳು. ಅಲ್ಲಿಂದ ಕೆಳಗಿಳಿಯಲು ಇರುವುದು ಒಂದೇ ಮೆಟ್ಟಿಲು. ಆ ಮೆಟ್ಟಿಲ ಕೆಳಗೇ ವಿದ್ಯುತ್ ಮೀಟರುಗಳ ಪೆಟ್ಟಿಗೆ. ರಸ್ತೆಯ ಕಡೆಗಿರುವ ಕಿಟಕಿಗಳೇ ಆ ಎರಡು ಕೋಣೆಗಳಿಗೆ ಇರುವ ಏಕೈಕ ಬೇರೆ ದಾರಿ. ಪ್ರಸ್ತಾವದ ನಕ್ಷೆಯಲ್ಲಿ ಆ ಕಿಟಕಿಗಳನ್ನು ಗಾಜು ಮತ್ತು ಹಲಗೆಗಳಿಂದ ಮುಚ್ಚಿ, ಅದರ ಮೇಲೆ ಸಂಘದ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುವುದೆಂದಿದೆ.

ಆದುದರಿಂದ ಮಹಾಸಭೆಯಲ್ಲಿ ಕೆಳಗಿನ ಪ್ರಶ್ನೆಗಳನ್ನು ಪ್ರತಿಯೊಬ್ಬ ಸದಸ್ಯರೂ ಕೇಳಬೇಕೆಂದು ನನ್ನ ಕೋರಿಕೆ. ಒಂದು, ಹಲಗೆಯ ತಿರುಳು ಯಾವುದು, ಅದರ ಪರೀಕ್ಷಾ ವರದಿ ನಮ್ಮ ಅಂಗಳಕ್ಕೆ ಬಂದಿಳಿಯುವ ಸಾಮಾನಿನದೇ ಹೌದೆ? ಎರಡು, ಹೊದಿಕೆಯ ಹಿಂದಿನ ಸಂದನ್ನು ಪ್ರತಿ ಅಂತಸ್ತಿನಲ್ಲೂ ಬೆಂಕಿ ತಡೆಯುವಂತೆ ಮುಚ್ಚುತ್ತಾರೆಯೆ? ಮೂರು, ಮಗುವೊಂದು ಒಳಗಿನಿಂದ ತೆರೆಯಬಲ್ಲ, ದೊಡ್ಡವರೊಬ್ಬರು ಹೊರಬರಬಲ್ಲ ಕಿಟಕಿಗಳು ಎಷ್ಟು ಉಳಿಯುತ್ತವೆ? ನಾಲ್ಕು, ಎರಡನೆಯ ಮೆಟ್ಟಿಲು ಎಲ್ಲಿ? ಐದು, ಹತ್ತು ವರ್ಷಗಳ ಮೇಲೆ ಈ ಹೊದಿಕೆಯ ಅಂಟು, ಸ್ಕ್ರೂಗಳನ್ನು ಪರೀಕ್ಷಿಸುವವರು ಯಾರು, ಅದಕ್ಕೆ ಹಣ ಎಲ್ಲಿಂದ? ಈ ಐದಕ್ಕೂ ಬರವಣಿಗೆಯಲ್ಲಿ ಉತ್ತರ ಸಿಕ್ಕರೆ ನಾನೂ ಕೈಯೆತ್ತಿ ಒಪ್ಪಿಗೆ ಕೊಡುತ್ತೇನೆ.

ಸಿಗದಿದ್ದರೆ ನನ್ನದೊಂದು ಬದಲಿ ಸೂಚನೆಯಿದೆ. ಹೊದಿಕೆಗೆ ಇಟ್ಟ ಹಣದಲ್ಲಿ ಮೊದಲು ಹಿಂಭಾಗದ ಅಂಗಳಕ್ಕೆ ಇಳಿಯುವ ಒಂದು ಉಕ್ಕಿನ ಮೆಟ್ಟಿಲನ್ನು ಹಾಕಿಸೋಣ. ಮೀಟರುಗಳ ಪೆಟ್ಟಿಗೆಯನ್ನು ಮೆಟ್ಟಿಲಿನಿಂದ ದೂರ ಸರಿಸಿ, ಹಳೆಯ ತಂತಿಗಳನ್ನು ಬದಲಾಯಿಸೋಣ. ಉಳಿದ ಹಣದಲ್ಲಿ ಮುಂಭಾಗದ ಗಿಲಾವನ್ನು ಸರಿಪಡಿಸಿ, ಬಿಸಿಲು ಮಳೆಗೆ ಛಜ್ಜಾ ಇಳಿಸಿ, ಒಳ್ಳೆಯ ಬಣ್ಣ ಬಳಿಸೋಣ. ಬಾಗಿಲ ಬಳಿ ನಾಲ್ಕಡಿ ಎತ್ತರದವರೆಗೆ ಶಹಾಬಾದಿನ ಕಲ್ಲನ್ನು, ಕೊಕ್ಕೆ ಹಾಕಿ ಭದ್ರವಾಗಿ, ಹೊದಿಸಿದರೆ ಕನ್ನಡದ ಗುರುತೂ ಇದ್ದಂತಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಅಷ್ಟು ಥಳಥಳಿಸದೇ ಇರಬಹುದು. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಮೇಲೆ ಬಿಟ್ಟು ಕೆಳಗೆ ಕಾಫಿ ಕುಡಿಯುತ್ತ ಕೂರುವ ತಾಯಿತಂದೆಗಳಿಗೆ ಮಾತ್ರ ನೆಮ್ಮದಿ ಇರುತ್ತದೆ.

 ಪ್ರಶ್ನೆಗಳಿದ್ದರೆ ದಯವಿಟ್ಟು ಈಗಲೇ ಕೇಳಿ. ಮಹಾಸಭೆಗೆ ಇನ್ನು ಮೂರೇ ವಾರಗಳಿವೆ.